ಇಲ್ಲಿ ಹೊರಗಿನವನು ನಾನೇ ಕಣೋ

ಲೋ ಗೆಳೆಯಾ,

ನಿನ್ನ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಬೀದಿಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸಿದ್ದು, ಆರ್ಕೆಸ್ಟ್ರಾದವರು ಇನ್ನೂ ಮೂರನೇ ಹಾಡಿಗೆ ಬಂದಿದ್ದು, ಅಷ್ಟರಲ್ಲಿ ಹೊಸ ಅಪಾರ್ಟ್‌ಮೆಂಟಿನವರು ಯಾರೋ ಫೋನ್ ಮಾಡಿ ಪೊಲೀಸ್ ಜೀಪು ಬಂದು ನಿಂತಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಾಯಿತು. ಕೊನೆಗೆ "ನಿನ್ನೆ ಮೊನ್ನೆ ಬಂದವರಿಗೆ ಇಷ್ಟು ಕೊಬ್ಬಾ?" ಅಂದೆಯಲ್ಲ, ಅಲ್ಲಿ ನನಗೆ ಚುರುಕ್ ಅಂತು. ಯಾಕಂದ್ರೆ ಇಲ್ಲಿ ಆ ನಿನ್ನೆ ಮೊನ್ನೆ ಬಂದವನು ನಾನು.

ನಾನಿರೋ ಕ್ಯಾರಿ ಊರಿನ ಬಗ್ಗೆ ನಿನಗೆ ಸರಿಯಾಗಿ ಹೇಳೇ ಇಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಜಧಾನಿ ರಾಲಿಗೆ ಅಂಟಿಕೊಂಡ ಊರು ಇದು. 1960ರಲ್ಲಿ ಇಲ್ಲಿದ್ದದ್ದು ಮೂರು ಸಾವಿರ ಚಿಲ್ಲರೆ ಜನ. ಅದರ ಹಿಂದಿನ ವರ್ಷ ಪಕ್ಕದಲ್ಲಿ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಅನ್ನೋ ಸಂಶೋಧನಾ ಕಂಪನಿಗಳ ತಾಣ ಶುರುವಾಯಿತು, ಆಮೇಲೆ ಐಬಿಎಂ ಬಂತು, ಕೆಲಸ ಹುಡುಕಿಕೊಂಡು ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯವರು ಬಂದರು. 2020ರ ಗಣತಿಯಲ್ಲಿ ಲೆಕ್ಕ 1,74,721. ಹಳಬರು ಊರಿನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ "ವಲಸೆ ಬಂದ ಯಾಂಕಿಗಳನ್ನು ಕೂಡಿಹಾಕೋ ಜಾಗ" ಅಂತ ತಮಾಷೆ ಮಾಡ್ತಾರೆ. ಯಾಂಕಿ ಅಂದ್ರೆ ಉತ್ತರದ ರಾಜ್ಯಗಳವರು. ಮಜಾ ಏನು ಗೊತ್ತಾ, ಊರಿಗೆ ಹೆಸರು ಬಂದಿರೋದೇ ಸ್ಯಾಮ್ಯುಯೆಲ್ ಫೆಂಟನ್ ಕ್ಯಾರಿ ಅನ್ನೋ ಒಹಾಯೋದವನಿಂದ. ಹೆಂಡ ಬಿಡಿ ಅಂತ ಭಾಷಣ ಮಾಡ್ತಿದ್ದ ಉತ್ತರದ ಮನುಷ್ಯ! ನಾವು ಆ ಯಾಂಕಿಗಳಿಗಿಂತಲೂ ತಡವಾಗಿ ಬಂದವರು. ಈಗ ಊರಲ್ಲಿ ವೆಂಕಟೇಶ್ವರನ ಗುಡಿ ಇದೆ, 2022ರಲ್ಲಿ 87 ಅಡಿ ಗೋಪುರವೂ ಎದ್ದಿತು. ಪಕ್ಕದ ಮಾರಿಸ್‌ವಿಲ್‌ನಲ್ಲಿ ಕ್ರಿಕೆಟ್ ಮೈದಾನ.

ಮೊದಲ ವರ್ಷದ್ದೊಂದು ಕತೆ ಹೇಳ್ತೀನಿ, ಇದುವರೆಗೂ ಯಾರಿಗೂ ಹೇಳಿಲ್ಲ. ಶನಿವಾರ ಬೆಳಿಗ್ಗೆ, ಮಗಳ ಡ್ಯಾನ್ಸ್ ಕ್ಲಾಸಿಗೆ ತಡವಾಗಿತ್ತು. ಎದುರಿನಿಂದ ಹಗಲಲ್ಲೇ ಹೆಡ್‌ಲೈಟ್ ಹಾಕಿಕೊಂಡು ಕಾರುಗಳ ಸಾಲು ಬರ್ತಿತ್ತು. ನನ್ನ ಮುಂದಿದ್ದ ಪಿಕಪ್ ಟ್ರಕ್ ನಿಧಾನವಾಗಿ ರಸ್ತೆ ಪಕ್ಕಕ್ಕೆ ಇಳಿದು, ಅರ್ಧ ಹುಲ್ಲಿನ ಮೇಲೆ, ಅರ್ಧ ರಸ್ತೆ ಮೇಲೆ ನಿಂತೇಬಿಟ್ಟಿತು. ಕೆಟ್ಟುಹೋಯ್ತೇನೋ ಅಂದುಕೊಂಡೆ. ಹಾರ್ನ್ ಹೊಡೆದೆ, ಬೆಂಗಳೂರಿನ ಕೈ ಅಲ್ವಾ, ತಾನಾಗೇ ಹೋಗುತ್ತೆ. ಪಕ್ಕದಲ್ಲಿ ನುಸುಳಿ ಮುಂದೆ ಹೋಗುವಾಗ ಒಳಗಿದ್ದವನು ಕಂಡ. ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದಿದ್ದ. ಬೈಯಲಿಲ್ಲ. ಸುಮ್ನೆ ನೋಡಿದ. ಎದುರಿನ ಸಾಲಿನಲ್ಲಿ ಮೊದಲಿಗೆ ಹೋಗಿದ್ದದ್ದು ಹೆಣದ ಗಾಡಿ.

ಇಲ್ಲಿ ಶವಯಾತ್ರೆ ಎದುರಾದರೆ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲುತ್ತಾರೆ. ಸತ್ತವರು ಯಾರು ಅಂತ ಗೊತ್ತಿರಬೇಕಿಲ್ಲ. ಎದುರಿನಿಂದ ಬರೋರು ನಿಲ್ಲಲೇಬೇಕು ಅಂತ ಕಾನೂನು ಏನಿಲ್ಲ, ಬೋರ್ಡೂ ಇಲ್ಲ, ಡ್ರೈವಿಂಗ್ ಟೆಸ್ಟಿನಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಆದರೆ ನಮ್ಮಲ್ಲಿ ಹೆಣ ಎದುರು ಬಂದರೆ ಚಪ್ಪಲಿ ಬಿಟ್ಟು, ಬದಿಗೆ ಸರಿದು ಕೈಮುಗಿಯಲ್ವಾ? ಅದನ್ನು ನನಗೆ ಯಾರು ಕ್ಲಾಸಿನಲ್ಲಿ ಕೂರಿಸಿ ಹೇಳಿಕೊಟ್ಟಿದ್ದರು? ಅಷ್ಟು ಗೊತ್ತಿದ್ದವನು ಹಾರ್ನ್ ಹೊಡೆದೆ ನೋಡು. ಈಗಲೂ ನಮ್ಮ ಲೇಔಟಿನ ಗುಂಪಿನಲ್ಲಿ ಮೂರು ತಿಂಗಳಿಗೊಮ್ಮೆ ಯಾರಾದರೂ ಹೊಸಬರು ಹಾಕ್ತಾರೆ, "ಈ ಜನ ರಸ್ತೆ ಮಧ್ಯೆ ನಿಲ್ಲಿಸ್ತಾರಲ್ಲ, ಹಿಂದಿನಿಂದ ಯಾರಾದರೂ ಗುದ್ದಿದರೆ?" ಅಂತ. ದೊಡ್ಡ ರಸ್ತೆಯಲ್ಲಿ ಅದು ನಿಜವಾಗಲೂ ಅಪಾಯವೇ, ಅವರ ಮಾತು ತೀರಾ ಸುಳ್ಳಲ್ಲ. ಆದರೂ ಓದುವಾಗ ಆ ಟೋಪಿ ನೆನಪಾಗಿ ಕಿವಿ ಬಿಸಿಯಾಗುತ್ತೆ.

ಎರಡನೇದು ಹೊಗೆ ಪುರಾಣ. ನಮ್ಮ ಲೇಔಟಿನ ಬೇಲಿಯಾಚೆ ಒಬ್ಬ ಅಜ್ಜನ ಮನೆ. ಸುತ್ತಲಿನ ತಂಬಾಕು ಹೊಲವೆಲ್ಲ ಸೈಟುಗಳಾದರೂ ಅವನೊಬ್ಬ ಮಾರಿಲ್ಲ. ವರ್ಷಕ್ಕೊಂದು ಸಲ ಚರ್ಚಿನ ಚಂದಾಕ್ಕಾಗಿ ಇಡೀ ಹಂದಿ ಬೇಯಿಸ್ತಾನೆ. ಇಲ್ಲಿ ಬಾರ್ಬೆಕ್ಯೂ ಅಂದ್ರೆ ನಮ್ಮ ಹೋಟೆಲಿನ ಕಡ್ಡಿ ತಿಂಡಿ ಅಲ್ಲ. ಸೌದೆ ಸುಟ್ಟು ಕೆಂಡ ಮಾಡಿ, ಆ ಕೆಂಡವನ್ನು ಸಲಿಕೆಯಲ್ಲಿ ಸ್ವಲ್ಪ ಸ್ವಲ್ಪವೇ ಹಂದಿಯ ಕೆಳಗೆ ಹರಡ್ತಾ ರಾತ್ರಿಯಿಡೀ ಎದ್ದಿರಬೇಕು. ಮೇಲೆ ವಿನೆಗರ್, ಮೆಣಸಿನಕಾಯಿ, ಅಷ್ಟೇ. ರಾಜ್ಯದ ಪೂರ್ವದವರು ಟೊಮೆಟೊ ಮುಟ್ಟಲ್ಲ, ಲೆಕ್ಸಿಂಗ್ಟನ್ ಕಡೆಯವರು ಹಂದಿಯ ಭುಜದ ಮಾಂಸ ಮಾತ್ರ ತಗೊಂಡು ಸ್ವಲ್ಪ ಕೆಚಪ್ ಹಾಕ್ತಾರೆ. ಇದಕ್ಕೆ ಇವರಲ್ಲೇ ಜಗಳ, ಮುದ್ದೆಗೆ ಬಸ್ಸಾರೋ ಉಪ್ಸಾರೋ ಅಂತ ನಿಮ್ಮ ಮನೆಯಲ್ಲಿ ಆಗುತ್ತಲ್ಲ, ಹಾಗೆ.

ರಾತ್ರಿ ಎರಡು ಗಂಟೆಗೆ ಹೊಗೆ ನಮ್ಮ ಬೆಡ್‌ರೂಮಿಗೆ ಬಂತು. ನಾವೋ ಮೊಟ್ಟೆಯನ್ನೂ ತಿನ್ನದ ಮನೆ, ಹೆಂಡತಿ ಕಿಟಕಿ ಮುಚ್ಚಿ ಊದಿನಕಡ್ಡಿ ಹಚ್ಚಿದಳು. ಗುಂಪಿನಲ್ಲಿ ಆಗಲೇ ಒಬ್ಬ ಊರಾಡಳಿತಕ್ಕೆ ದೂರು ಕೊಡೋಣ ಅಂತ ಹಾಕಿದ್ದ. ನಾನು ನಿದ್ದೆಗಣ್ಣಲ್ಲಿ ಅದಕ್ಕೊಂದು ಹೆಬ್ಬೆಟ್ಟು ಒತ್ತಿದೆ. ನೋಡು, ನಿಮ್ಮ ಬೀದಿಗೆ ಪೊಲೀಸರನ್ನು ಕರೆದವನು ಹೀಗೇ ಇದ್ದಿರಬಹುದು. ರಾಕ್ಷಸ ಏನಲ್ಲ, ನಿದ್ದೆ ಕೆಟ್ಟವನು. ಬೆಳಿಗ್ಗೆ ಅಜ್ಜ ಬಾಗಿಲಿಗೆ ಬಂದ, ಕೈಯಲ್ಲೆರಡು ತಟ್ಟೆ. "ಹೊಗೆಯಿಂದ ತೊಂದರೆ ಆಗ್ಲಿಲ್ಲ ತಾನೆ?" ಅಂತ ಅವನೇ ಕೇಳಿದ. ಇಲ್ಲಪ್ಪ ಇಲ್ಲ ಅಂದೆ. ನಾವು ಸಸ್ಯಾಹಾರಿಗಳು ಅಂದಾಗ ತಟ್ಟೆಯನ್ನೇ ನೋಡ್ತಾ ನಿಂತ, ಪಾಪ. ಸೊಪ್ಪಿನಲ್ಲೂ ಹಂದಿ, ಬೀನ್ಸಿನಲ್ಲೂ ಹಂದಿ. ಕೊನೆಗೆ "ಬ್ಲೆಸ್ ಯುವರ್ ಹಾರ್ಟ್" ಅಂದು ಬಾಳೆಹಣ್ಣಿನ ಪುಡ್ಡಿಂಗ್ ಮಾತ್ರ ಇಟ್ಟು ಹೋದ. ಈ ಮಾತು ಆಶೀರ್ವಾದದ ಥರ ಕೇಳಿಸುತ್ತೆ, ಆದರೆ ಅರ್ಧ ಸಲ ಅದರ ಅರ್ಥ "ಅಯ್ಯೋ ಪೆದ್ದೇ" ಅಂತ. ಅವತ್ತು ಯಾವ ಅರ್ಥವೋ, ಕೇಳೋಕೆ ಮುಖ ಇರಲಿಲ್ಲ. ಹೆಬ್ಬೆಟ್ಟು ತೆಗೆದೆ. ದೂರು ಹೋಗಿಯಾಗಿತ್ತು.

ಹಾಗಂತ ಹಳಬರು ಹೇಳಿದ್ದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ ಮಾರಾಯ. ರಾಲಿಯಲ್ಲಿ ಹಳೇ ವಿಧಾನಸೌಧ ಇದೆಯಲ್ಲ, ಅದರ ಮುಂದೆ 1895ರಲ್ಲಿ ನಿಲ್ಲಿಸಿದ್ದ 75 ಅಡಿ ಸ್ಮಾರಕ ಇತ್ತು. ಗುಲಾಮಗಿರಿ ಉಳಿಸಿಕೊಳ್ಳೋಕೆ ಹೊರಟ ದಕ್ಷಿಣದ ರಾಜ್ಯಗಳ ಪರ ಕಾದಿದ ಸೈನಿಕರದ್ದು. ಇಂಥವನ್ನು ಸುಲಭಕ್ಕೆ ತೆಗೆಯಬಾರದು ಅಂತ 2015ರಲ್ಲಿ ಕಾನೂನೇ ಬಂತು. 2017ರಲ್ಲಿ ಹತ್ತಿರದ ಡರ್ಹಮ್ ಊರಿನಲ್ಲಿ ಜನ ಅಂಥದ್ದೊಂದು ಪ್ರತಿಮೆಯನ್ನು ಎಳೆದು ಕೆಡವಿದರು, ರಾಲಿಯದ್ದು 2020ರ ಜೂನಿನಲ್ಲಿ ಹೋಯಿತು. ಆಗ ನಮ್ಮ ಆಫೀಸಿನ ಒಬ್ಬ ಲೋಕಲ್ ಊಟದ ಮೇಜಿನಲ್ಲಿ ಗೊಣಗಿದ, "ಹೊರಗಿನವರು ಬಂದು ನಮ್ಮ ಪರಂಪರೆ ಎಲ್ಲ ಕಿತ್ತು ಹಾಕ್ತಿದ್ದಾರೆ." ಎದುರಿಗೆ ಕೂತಿದ್ದ ಕಪ್ಪು ಜನಾಂಗದ ಹೆಂಗಸು ಫೋರ್ಕ್ ಕೆಳಗಿಟ್ಟು ಹೇಳಿದಳು, "ನಮ್ಮ ಮನೆಯವರು ನಿನ್ನ ಮುತ್ತಜ್ಜನಿಗಿಂತ ಮೊದಲೇ ಈ ಮಣ್ಣಿನಲ್ಲಿದ್ದರು. ನನ್ನನ್ನು ಯಾರಾದರೂ ಕೇಳಿದ್ರಾ?" ಮೇಜಿನಲ್ಲಿ ಉಸಿರಿಲ್ಲ. ಅವತ್ತಿನಿಂದ ಯಾರಾದರೂ "ನಾವು ಮೂಲದವರು" ಅಂದರೆ, ಯಾವ ನಾವು ಅಂತ ಮನಸ್ಸಿನಲ್ಲೇ ಕೇಳಿಕೊಳ್ತೀನಿ. ಶವಯಾತ್ರೆಗೆ ನಿಲ್ಲೋ ವಿಷಯದಲ್ಲಿ ಅವರಿಬ್ಬರೂ ಒಂದೇ ಅನ್ನೋದೂ ನಿಜ.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು ಅಲ್ವಾ. ದೇವಸ್ಥಾನಕ್ಕೆ ಹೋಗ್ತಿದ್ದಾಗ ಮತ್ತೆ ಹೆಡ್‌ಲೈಟಿನ ಸಾಲು ಎದುರಾಯಿತು. ಗಾಡಿ ಹುಲ್ಲಿಗೆ ಇಳಿಸಿ ನಿಲ್ಲಿಸಿದೆ. ಏನು ಅಂತ ನಾನು ಹೇಳೋ ಮೊದಲೇ ಅಮ್ಮ "ಯಾರ ಮನೆಯವರೋ ಏನೋ" ಅಂದು, ಸೀಟಿನಲ್ಲೇ ಬಗ್ಗಿ ಚಪ್ಪಲಿ ಬಿಚ್ಚಿ ಕೈಮುಗಿದರು. ಹಿಂದಿನಿಂದ ಒಂದು ಟೆಸ್ಲಾ ಹಾರ್ನ್ ಹೊಡೀತು. ಅದರ ಡ್ಯಾಶ್‌ಬೋರ್ಡ್ ಮೇಲೆ ಪುಟ್ಟ ಗಣಪತಿ ಕಾಣಿಸ್ತಿತ್ತು.

ಸರಿ, ನಿನ್ನ ವಿಷಯಕ್ಕೆ ಬರ್ತೀನಿ. ಹತ್ತು ಗಂಟೆಯ ಮೇಲೆ ಮೈಕ್ ಹಾಕೋ ಹಾಗಿಲ್ಲ ಅನ್ನೋದು ನಿನಗೂ ಗೊತ್ತು, ಅದನ್ನು ನೀನು ಹೇಳಲಿಲ್ಲ. ಜೀಪು ಬಂದಾಗ ಗಂಟೆ ಎಷ್ಟಾಗಿತ್ತು? ಇನ್ನೊಂದು, ಆ ಅಪಾರ್ಟ್‌ಮೆಂಟಿಗೆ ನಿಮ್ಮ ಹುಡುಗರು ರಸೀದಿ ಪುಸ್ತಕ ಹಿಡ್ಕೊಂಡು ಮಾತ್ರ ಹೋಗಿದ್ರಾ, ಇಲ್ಲಾ ಯಾರಾದರೂ ಪ್ರಸಾದ ಕೊಟ್ಟು ಅಣ್ಣಮ್ಮ ಯಾರು ಅಂತ ಹೇಳಿದ್ರಾ? ಸಿಟ್ಟಾಗಬೇಡ, ಬರಿ.

ನಿನ್ನ,
ಬೇಲಿಯೀಚೆಯವನು