ರಸಮಟ್ಟ ಮತ್ತು ಬಿಸಿನೀರಿನ ದಾರಿ

ಉಡುಪಿ
ಆಟಿ ತಿಂಗಳು

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ಇಲ್ಲಿ ಮೂರು ದಿನದಿಂದ ಬಿಟ್ಟೂ ಬಿಡದೆ ಮಳೆ. ಟೆರೇಸ್ ಕೆಲಸ ಯಾವುದೂ ಇಲ್ಲ, ಕೂತು ಬರೆಯಲು ಪುರುಸೊತ್ತಾಯಿತು. ಫೋನಿನಲ್ಲಿ ಹೇಳಿದರೆ ನೀನು "ಆಯ್ತು ಮಾವ" ಅಂತ ಮುಗಿಸಿಬಿಡುತ್ತೀ. ಕಾಗದವಾದರೆ ಎರಡು ಸಲ ಓದಬಹುದು.

ನಿನ್ನ ಅಮ್ಮ ಮೊನ್ನೆ ಫೋನ್ ಮಾಡಿದ್ದಳು. ನೀನು ರಾತ್ರಿ ಹತ್ತಕ್ಕೆ ಮನೆಗೆ ಬರುತ್ತೀಯಂತೆ. ಮುಗಿಸಿದ ಕೆಲಸವನ್ನೇ ಬಿಚ್ಚಿ ಮತ್ತೆ ಕೂರಿಸುತ್ತೀಯಂತೆ. ಹಾಳಾದ ಪೈಪು, ತಿರುವಿಗೆ ಹಾಕುವ ಎಲ್ಬೋ ಎಲ್ಲದಕ್ಕೂ ಕೈಯಿಂದಲೇ ದುಡ್ಡು ಹಾಕುತ್ತೀಯಂತೆ. ಅವಳಿಗೆ ಚಿಂತೆ. ನನಗೆ ಚಿಂತೆಯೂ ಆಯಿತು, ಹೆಮ್ಮೆಯೂ ಆಯಿತು. ಕೆಲಸ ಚೆನ್ನಾಗಿ ಆಗಬೇಕು ಅಂತ ನಿದ್ದೆ ಬಿಡುವ ಹುಡುಗರು ಈಗ ಎಷ್ಟು ಜನ ಸಿಗುತ್ತಾರೆ? ಆ ಹಟವನ್ನು ಬಿಡು ಅಂತ ನಾನು ಹೇಳುವುದಿಲ್ಲ. ಅದನ್ನು ಎಲ್ಲಿ ಇಡಬೇಕು ಅನ್ನುವುದಷ್ಟೇ ನನ್ನ ಮಾತು.

ಮೇ ತಿಂಗಳ ಸುರತ್ಕಲ್ ಮನೆ ನೆನಪಿದೆ ಅಲ್ವಾ? ಸೋಲಾರ್ ಕೂರಿಸಿ ನಾಲ್ಕು ದಿನವಾದರೂ ನೀರು ಬಿಸಿಯಾಗುತ್ತಿಲ್ಲ ಅಂತ ನೀನು ನನ್ನನ್ನು ಕರೆಸಿದ್ದೆ. ಏಣಿ ಹತ್ತಿ ನೋಡಿದ ಕೂಡಲೇ ನನ್ನ ಕಣ್ಣು ತುಂಬಿತು, ನಿಜ ಹೇಳುತ್ತೇನೆ. ಪೈಪೆಲ್ಲ ದಾರ ಹಿಡಿದು ಎಳೆದ ಹಾಗೆ ನೇರ. ಕ್ಲ್ಯಾಂಪುಗಳೆಲ್ಲ ಒಂದೇ ಅಂತರದಲ್ಲಿ. ಸ್ಕ್ರೂಗಳ ತಲೆಯ ಗೀರು ಸಹ ಒಂದೇ ದಿಕ್ಕಿಗೆ ನಿಂತಿದ್ದವು. ಅದನ್ನು ಯಾರು ನೋಡುತ್ತಾರೆ ಹೇಳು? ಕಾಗೆ ನೋಡಬೇಕು. ಆದರೂ ನೀನು ಮಾಡಿದ್ದೆ.

ಆಮೇಲೆ ಪೈಪ್ ಮುಟ್ಟಿ ನೋಡಿದೆ. ಪ್ಯಾನೆಲ್ಲಿನ ತಲೆಯ ಹತ್ತಿರ ಕೈ ಇಡಲಾಗದಷ್ಟು ಬಿಸಿ. ಅದೇ ಪೈಪು ಟ್ಯಾಂಕಿಗೆ ಸೇರುವ ಕಡೆ ಉಗುರು ಬೆಚ್ಚಗೆ. ಆಗಲೇ ಗೊತ್ತಾಯಿತು. ನೀನು ಆ ಪೈಪಿಗೆ ರಸಮಟ್ಟ ಇಟ್ಟು, ಗುಳ್ಳೆ ಸರಿಯಾಗಿ ನಡುವೆ ಬರುವ ಹಾಗೆ ಕೂರಿಸಿದ್ದೆ. ಆ ಪೈಪಿಗೆ ಮಟ್ಟ ಬೇಡ, ಏರು ಬೇಕು. ಅಲ್ಲಿ ಪಂಪು ಇಲ್ಲ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಭಾರಕ್ಕೆ ಕೆಳಗಿಳಿಯುತ್ತದೆ, ಹೀಗೆ ತಾನಾಗಿಯೇ ಸುತ್ತಬೇಕು. ನೀರು ಕಾದಾಗ ಅದರೊಳಗಿನ ಗಾಳಿ ಬಿಡುತ್ತದೆ. ಪೈಪು ಟ್ಯಾಂಕಿನ ಕಡೆಗೆ ಏರುತ್ತಾ ಹೋದರೆ ಆ ಗಾಳಿಯೂ ಮೇಲೆ ಹೋಗಿ ವೆಂಟಿನಲ್ಲಿ, ಅಂದರೆ ಗಾಳಿ ಬಿಡುವ ಕೊಳವೆಯಲ್ಲಿ, ಹೊರಗೆ ಹೋಗುತ್ತದೆ. ಮಟ್ಟಸವಾಗಿದ್ದರೆ, ಅದರಲ್ಲೂ ನಡುವೆ ಒಂದು ನೂಲಿನಷ್ಟು ಜೋತಿದ್ದರೆ, ಗಾಳಿ ಅಲ್ಲೇ ಕೂತು ದಾರಿ ಕಟ್ಟುತ್ತದೆ.

ಆ ತುದಿ ತಗ್ಗಲಿ ಅಂತ ಪ್ಯಾನೆಲ್ ಕಡೆಯ ನಿಲುವಿನ ತುಂಡನ್ನು ಎರಡು ಬೆರಳು ಮೊಟಕು ಮಾಡಿದೆವು. ನೀರು ತುಂಬಿಸಿದಾಗ ಒಳಗೆ ಗುಳುಗುಳು ಸದ್ದು ಕೇಳಿತು. ಸಂಜೆಗೆ ಬಚ್ಚಲಿನ ನಲ್ಲಿಯಲ್ಲಿ ಹಬೆಯಾಡುವ ನೀರು. ಮನೆಯವರ ಮುಖ ಅರಳಿತು. ನೀನು ಮಾತ್ರ ಟೆರೇಸಿನಲ್ಲಿ ನಿಂತು ಹೇಳಿದೆ: "ಈಗ ವಾರೆ ಕಾಣುತ್ತದಲ್ಲ ಮಾವ."

ಆ ಮಾತು ನನ್ನನ್ನು ಇವತ್ತಿಗೂ ಕೊರೆಯುತ್ತಿದೆ. ಅದಕ್ಕೇ ಈ ಕಾಗದ.

ಆ ಮನೆಯಲ್ಲಿ ಬಾಣಂತಿ ಇದ್ದಳು. ದಿನಾ ಎಣ್ಣೆ ಹಚ್ಚಿ ಮೀಯಿಸಬೇಕು, ಮಗುವಿಗೂ ನೀರು ಬೇಕು. ಎರಡನೇ ದಿನ ಒಂದು ಕ್ಲ್ಯಾಂಪು ಸಾಲಿನಿಂದ ಸ್ವಲ್ಪ ಆಚೆ ಹೋಯಿತು ಅಂತ ನೀನು ಇಡೀ ಲೈನ್ ಬಿಚ್ಚಿದೆಯಂತೆ. ಆ ನಾಲ್ಕು ದಿನವೂ ಬಾಣಂತಿಯ ಅಜ್ಜಿ ಹಿತ್ತಲಿನ ಬಚ್ಚಲೊಲೆಗೆ ಮಡಲು, ತೆಂಗಿನ ಸಿಪ್ಪೆ ತುರುಕಿ, ಊದಿ ಊದಿ, ಹಂಡೆಯಲ್ಲಿ ನೀರು ಕಾಯಿಸಿದರು. ಅವರ ಕಣ್ಣು ಕೆಂಪಾಗಿದ್ದನ್ನು ನಾನು ನೋಡಿದೆ. ನೀನು ನೋಡಲಿಲ್ಲ, ಯಾಕೆಂದರೆ ನೀನು ಟೆರೇಸಿನಿಂದ ಇಳಿಯಲೇ ಇಲ್ಲ. ಬೇಸರ ಮಾಡಿಕೊಳ್ಳಬೇಡ. ನಮ್ಮ ಕೆಲಸ ಸರಿಯಾಯಿತೋ ಇಲ್ಲವೋ ಅಂತ ಬಚ್ಚಲಿನಲ್ಲಿ ನಿಂತು ನೋಡಬೇಕು, ಮಾಳಿಗೆಯಲ್ಲಿ ನಿಂತಲ್ಲ.

ನಾನು ಇದನ್ನು ಕಲಿತದ್ದು ಸುಲಭದಲ್ಲಿ ಅಲ್ಲ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ನಿನ್ನ ವಯಸ್ಸಿನಲ್ಲಿ ಒಂದು ಮನೆಗೆ 25 ಲೀಟರಿನ ಗೀಸರ್ ಹಾಕಿದ್ದೆ. ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತಿತ್ತು. ಹೊಸ ಟೈಲ್ಸಿನ ಮೇಲೆ ಕಲೆ ಕಟ್ಟಿತು. ನನ್ನ ಕೆಲಸದಲ್ಲಿ ಸೋರಿಕೆಯಾ ಅಂತ ನನಗೆ ಸಹಿಸಲಾಗಲಿಲ್ಲ. ಆ ವಾಲ್ವಿನ ಬಾಯಿಗೆ ಒಂದು ಎಂಡ್ ಕ್ಯಾಪ್ ತಿರುಗಿಸಿ, ಒರೆಸಿ, ಚಂದ ಮಾಡಿ ಬಂದೆ.

25 ಲೀಟರ್ ನೀರು 60 ಡಿಗ್ರಿಗೆ ಕಾದರೆ ಕಾಲು ಲೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ನಾನ್ ರಿಟರ್ನ್ ವಾಲ್ವ್ ಬಿಡುವುದಿಲ್ಲ. ಹನಿಯಾಗಿ ಹೊರಗೆ ಬೀಳುವುದೊಂದೇ ದಾರಿ. ಅದು ಸೋರಿಕೆಯಲ್ಲ, ಅದೇ ಅದರ ಕೆಲಸ. ಆ ದಾರಿಯನ್ನು ನಾನು ಮುಚ್ಚಿದ್ದೆ. ವಾರದ ಮೇಲೆ ನನ್ನ ಮೇಸ್ತ್ರಿ ಬೇರೇನೋ ಕೆಲಸಕ್ಕೆ ಆ ಮನೆಗೆ ಹೋದವರು ಕ್ಯಾಪ್ ನೋಡಿದರು. ಟ್ಯಾಂಕಿನ ಹೊಟ್ಟೆ ಉಬ್ಬಲು ಶುರುವಾಗಿತ್ತು. ಅವರು ನನಗೆ ಬೈಯಲಿಲ್ಲ. ಆ ಮನೆಯ ಮಗು ಎಷ್ಟು ಗಂಟೆಗೆ ಸ್ನಾನಕ್ಕೆ ಹೋಗುತ್ತದೆ ಗೊತ್ತಾ ಅಂತ ಮಾತ್ರ ಕೇಳಿದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹನಿಗೆ ಒಂದು ಸಣ್ಣ ಪೈಪು ಕೊಟ್ಟು ನೆಲದ ಜಾಲರಿಯವರೆಗೆ ಇಳಿಸಿದ್ದರೆ ಟೈಲ್ಸೂ ಉಳಿಯುತ್ತಿತ್ತು. ಐದು ನಿಮಿಷದ ಕೆಲಸ.

ಹೀಗೆ ನಮ್ಮ ಕೆಲಸದಲ್ಲಿ ಕಣ್ಣಿಗೆ ತಪ್ಪು ಅಂತ ಕಾಣುವುದು ಎಷ್ಟೋ ಸಲ ಸರಿ ಇರುತ್ತದೆ. ಬಿಸಿನೀರಿಗೆ ಹಾಕುವ ಸಿಪಿವಿಸಿ ಪ್ಲಾಸ್ಟಿಕ್ ಪೈಪನ್ನೇ ನೋಡು. ಹತ್ತು ಮೀಟರಿನ ಲೈನು 40 ಡಿಗ್ರಿ ಹೆಚ್ಚು ಕಾದರೆ ಸುಮಾರು ಒಂದು ಇಂಚು ಉದ್ದವಾಗುತ್ತದೆ. ನೀನು ಅದನ್ನು ಎರಡೂ ತುದಿಯಲ್ಲಿ ಗೋಡೆಗೆ ಒತ್ತಿ, ಅಡಿಗೊಂದು ಕ್ಲ್ಯಾಂಪು ಬಿಗಿದರೆ ಆ ಒಂದು ಇಂಚು ಎಲ್ಲಿಗೆ ಹೋಗಬೇಕು? ಬಿಲ್ಲಿನ ಹಾಗೆ ಬಾಗುತ್ತದೆ, ಇಲ್ಲವೇ ಎಲ್ಬೋದ ಕುತ್ತಿಗೆ ಹಿಡಿದು ಎಳೆಯುತ್ತದೆ. ಕ್ಲ್ಯಾಂಪಿನೊಳಗೆ ಪೈಪು ಜಾರಬೇಕು. ಒಂದು ತಿರುವು ಸಡಿಲ ಇರಬೇಕು. ಹಿತ್ತಾಳೆ ತಿರುಪಿನ ಜಾಯಿಂಟೂ ಹಾಗೆಯೇ. ಟೇಪ್ ಸುತ್ತಿ, ಕೈಯಲ್ಲಿ ತಿರುಗಿಸಿ, ಆಮೇಲೆ ಪಾನಾದಲ್ಲಿ ಒಂದೆರಡು ಸುತ್ತು ಸಾಕು. ಇನ್ನೂ ಒಂದು ಸುತ್ತು ಇರಲಿ ಅನ್ನುವ ಆಸೆಯಿಂದಲೇ ಅದು ಬಿರುಕು ಬಿಡುವುದು.

ಹಾಗಾದರೆ ಹಟ ಎಲ್ಲಿ ಬೇಕು? ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆಯಲ್ಲಿ ಬೇಕು. ಕಲ್ಲು ಮೆತ್ತಗೆ, ತುಂಬ ತೂತು. ನೀರು ತುಂಬಿದ 25 ಲೀಟರಿನ ಗೀಸರು ಸುಮಾರು 35 ಕಿಲೋ ತೂಗುತ್ತದೆ. ತೂತಿಗೆ ಪ್ಲಾಸ್ಟಿಕ್ ಬೆಣೆ ಹೊಡೆದು ನೇತುಹಾಕಿದರೆ ಇವತ್ತು ನಿಲ್ಲುತ್ತದೆ, ಎರಡು ಮಳೆಗಾಲದ ಮೇಲೆ ಯಾರು ಹೇಳಬೇಕು? ಅಲ್ಲಿ ಗೋಡೆ ದಾಟಿಸಿ ಬೋಲ್ಟು ಹಾಕು, ಆಚೆ ಕಡೆ ಪಟ್ಟಿ ಕೊಡು. ಆಚೆ ಕಡೆ ಬೋಲ್ಟು ಕಾಣುತ್ತದೆ ಅಂತ ಮನೆಯವರು ಮುಖ ಸಿಂಡರಿಸಿದರೂ ಒಪ್ಪಬೇಡ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಗೀಸರ್ ಕೊಡಬೇಡ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಿನೊಳಗೆ ಹಾಕಿ ಅಂತ ಯಾರು ಎಷ್ಟು ದುಡ್ಡು ಕೊಟ್ಟರೂ, ನಮ್ಮ ಸಂಬಂಧಿಕರೇ ಆದರೂ, ಆಗುವುದಿಲ್ಲ ಅಂತ ಹೇಳಿ ಸಾಮಾನು ಕಟ್ಟಿಕೊಂಡು ಬಾ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿ ಸ್ನಾನಕ್ಕೆ ಹೋದವರಿಗೆ ಎಚ್ಚರಿಕೆಯೇ ಸಿಗುವುದಿಲ್ಲ. ಇಂಥ ಕಡೆ ನೀನು ರಾತ್ರಿ ಹತ್ತಲ್ಲ, ಹನ್ನೆರಡರವರೆಗೆ ನಿಂತರೂ ನಾನೇ ನಿನ್ನ ಅಮ್ಮನಿಗೆ ಸಮಾಧಾನ ಹೇಳುತ್ತೇನೆ.

ಇನ್ನೊಂದು ವಿಷಯ. ಸುರತ್ಕಲ್ಲಿನಲ್ಲಿ ನಿನ್ನ ಹೆಲ್ಪರ್ ಹುಡುಗ ಪೈಪ್ ಕೊಯ್ಯುತ್ತಿದ್ದಾಗ ನೀನು ಅವನ ಕೈಯಿಂದ ಹ್ಯಾಕ್ಸಾ ಕಿತ್ತುಕೊಂಡೆ. ತುಂಡು ಸ್ವಲ್ಪ ಓರೆಯಾಗಿತ್ತು, ನಿಜ. ಆಮೇಲೆ ಇಡೀ ದಿನ ಅವನು ಸುಮ್ನೆ ಮೂಲೆಯಲ್ಲಿ ನಿಂತಿದ್ದ. ನಿನ್ನ ಕೆಲಸ ಚಂದವಾಯಿತು, ಆದರೆ ಅವನಿಗೆ ಕೆಲಸ ಬರಲಿಲ್ಲ. ನೀನು ಮೊದಲು ನನ್ನ ಜೊತೆ ಬಂದ ವರ್ಷ ಎಷ್ಟು ಪೈಪು ಓರೆಯಾಗಿ ಕೊಯ್ದಿದ್ದೆ ಅಂತ ನಾನು ಲೆಕ್ಕ ಇಟ್ಟಿಲ್ಲ. ನೀನೂ ಇಡಬೇಡ. ಪೈಪಿಗೆ ಒಂದು ಕಾಗದ ಸುತ್ತಿ ಅದರ ಅಂಚಿನಲ್ಲಿ ಗೀರು ಹಾಕುವುದನ್ನು ನಾನು ತೋರಿಸಿಕೊಟ್ಟಿದ್ದೆನಲ್ಲ, ಅದನ್ನು ಅವನಿಗೂ ತೋರಿಸು.

ಅಷ್ಟಮಿಗೆ ಉಡುಪಿಗೆ ಬರುತ್ತೀಯಲ್ಲ? ಒಂದು ದಿನ ಮೊದಲೇ ಬಾ, ಆ ಹುಡುಗನನ್ನೂ ಕರೆದುಕೊಂಡು ಬಾ. ನಿನ್ನ ಅತ್ತೆ ಪತ್ರೊಡೆಗೆ ಕೆಸುವಿನ ಎಲೆ ನೋಡಿ ಇಟ್ಟಿದ್ದಾಳೆ. ನಮ್ಮ ಸೋಲಾರಿನ ಪೈಪಿಗೆ ಸುತ್ತಿದ ಫೋಮು ಬಿಸಿಲಿಗೆ ಪುಡಿಪುಡಿಯಾಗಿ ಉದುರುತ್ತಿದೆ, ಹೊಸದು ಸುತ್ತಿ ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಬೇಕು. ನನಗೆ ಈಗ ಮಂಡಿ ಬಗ್ಗುವುದಿಲ್ಲ. ಮಳೆ ಸ್ವಲ್ಪ ಬಿಟ್ಟರೆ ನೀವಿಬ್ಬರು ಹತ್ತಿ, ಏಣಿ ನಾನು ಹಿಡಿಯುತ್ತೇನೆ.

ನಿನ್ನ ಮಾವ