ಎಂಜಿನ್ ಇಲ್ಲದ ಹಳೆ ಗಾಡಿಗೂ ‘ವಿಎ’ ನಂಬರ್ ಸಿಗಲಿ

ಮಾನ್ಯರೇ,

ನಿಮ್ಮ ಭಾನುವಾರದ ಪುಟದಲ್ಲಿ ಹಳೆ ಕಾರುಗಳ ಮೆರವಣಿಗೆಯ ಫೋಟೊ ನೋಡಿ ಖುಷಿಯಾಯಿತು. ಸ್ವಲ್ಪ ಹೊಟ್ಟೆಯೂ ಉರಿಯಿತು. ಯಾಕೆಂದರೆ ನನ್ನ ಅಂಗಳದಲ್ಲೂ ಒಂದು ಹಳೆ ಗಾಡಿ ನಿಂತಿದೆ, ಅದಕ್ಕೆ ಹಳೆ ವಾಹನಗಳಿಗೆ ಸರ್ಕಾರ ಕೊಡುವ ‘ವಿಎ’ ನಂಬರಿನ ಯೋಗ ಇಲ್ಲ.

ನಾನು ಗದುಗಿನವನು. ಪುಣೆಯ ಭೋಸರಿಯಲ್ಲಿ 31 ವರ್ಷ ಬಸ್ಸಿನ ಬಾಡಿ ಕಟ್ಟಿದ ಬಡಗಿ. ಎರಡು ವರ್ಷದ ಹಿಂದೆ ಗುಜರಿಯಿಂದ ಒಂದು ಟ್ರೇಲರ್ ತಂದೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ ಅದು. ಇಬ್ಬರು ಮಲಗಬಹುದು, ಸ್ಟೋವ್ ಇಡಲು ಒಂದು ಗೂಡಿದೆ. ಆರ್‌ಸಿ ಪುಸ್ತಕದಲ್ಲಿ 1972 ಎಂದಿದೆ. “ಕೋಳಿಗೂಡಿಗೆ ಇಷ್ಟು ದುಡ್ಡಾ ಅಪ್ಪಾ?” ಎಂದ ಮಗ.

ಹೊರಗೆ ಅಲ್ಯೂಮಿನಿಯಂ ಶೀಟು, ಒಳಗೆ ಸಾಗವಾನಿ ಚೌಕಟ್ಟು. ಸಾಗವಾನಿ ಇನ್ನೂ ಗಟ್ಟಿ. ನೆಲದ ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಮಾತ್ರ ಹಿಡಿಯವರೆಗೂ ಇಳಿಯಿತು, ಸಾರಿನಲ್ಲಿ ನೆನೆದ ರೊಟ್ಟಿ ಥರ. ಹಿಂದೆ ಯಾರೋ ಅಲ್ಯೂಮಿನಿಯಂಗೆ ಕಬ್ಬಿಣದ ಸ್ಕ್ರೂ ಹೊಡೆದಿದ್ದರು. ಎರಡು ಲೋಹದ ನಡುವೆ ಮಳೆನೀರು ನಿಂತರೆ ಅಲ್ಯೂಮಿನಿಯಂ ಸವೆಯುತ್ತದೆ. ಪ್ರತಿ ತೂತಿನ ಸುತ್ತ ರಂಗೋಲಿ ಪುಡಿಯಂಥ ಬಿಳಿ ಪುಡಿ. ಅವನ್ನೆಲ್ಲ ಕಿತ್ತು ಅಲ್ಯೂಮಿನಿಯಂ ರಿವೆಟ್ ಹಾಕಿದೆ. ನೆಲಕ್ಕೆ ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಿಂದ ನೀರು ತಡೆಯುವ, ಐಎಸ್ 710 ಗುರುತಿನ ಮರೀನ್ ಪ್ಲೈ ತಂದೆ. ಕಿಟಕಿಯ ಹಿತ್ತಾಳೆ ಚಿಲಕ ಹಳೆ ಸಾಮಾನಿನ ಜುನಾ ಬಾಜಾರಿನಲ್ಲಿ ಸಿಕ್ಕಿತು.

ಸೋರಿಕೆ ಹುಡುಕುವುದೇ ದೊಡ್ಡ ಕೆಲಸ. ಹೆಂಡತಿ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟಳು, ನಾನು ಒಳಗೆ ಟಾರ್ಚ್ ಹಿಡಿದು ಕೂತೆ. ಕಿಟಕಿ ಹತ್ತಿರ ಹನಿ ಬಿತ್ತು. ಹಿಂದಿನವರು ಅಲ್ಲೇ ಸಿಲಿಕೋನ್ ಅಂಟು ಮೆತ್ತಿದ್ದರು, ಪಾಪ. ನೀರು ಒಳಗೆ ಬರುತ್ತಿದ್ದದ್ದು ಮೇಲೆ, ಸೂರಿನ ಜೋಡಣೆಯಿಂದ. ಚೌಕಟ್ಟಿನ ಗುಂಟ ಮೂರಡಿ ಹರಿದು ಕಿಟಕಿಯಲ್ಲಿ ಇಳಿಯುತ್ತಿತ್ತು. ಜೋಡಣೆ ಬಿಚ್ಚಿ ರಬ್ಬರಿನಂತೆ ಅಂಟುವ ಬ್ಯುಟೈಲ್ ಟೇಪ್ ಕೂರಿಸಿ ಮತ್ತೆ ರಿವೆಟ್ ಹೊಡೆದೆ. ಕಳೆದ ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿ ಮೂಲ ರೂಪದಲ್ಲೇ ಇದ್ದರೆ ‘ವಿಎ’ ಅಕ್ಷರದ ನಂಬರ್. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಒಳ್ಳೆಯ ನಿಯಮವೇ. ಆದರೆ ಅದು ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ. ಚಕ್ರ ಎಣಿಸಿದರೆ ನನ್ನದೂ ದ್ವಿಚಕ್ರವೇ, ಅಲ್ವಾ? ಆರ್‌ಟಿಒ ಕಚೇರಿಯ ಕೌಂಟರ್‌ನಲ್ಲಿ ಹೀಗೆಂದೆ, ಅಲ್ಲಿದ್ದ ಹುಡುಗ ನಕ್ಕ. ಎಂಜಿನ್ ನಂಬರ್ ಕೇಳಿದ. ಎಂಜಿನ್ನೇ ಇಲ್ಲಪ್ಪಾ ಎಂದೆ. ಹಾಗಾದರೆ ಗುಜರಿಗೆ ಹಾಕಿ ಎಂದ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಮೋಟಾರು ವಾಹನ’ ಎಂದರೆ ಟ್ರೇಲರ್ ಕೂಡ ಸೇರುತ್ತದೆ ಎಂದು ಬರೆದೇ ಇದೆ. ತೆರಿಗೆ, ನೋಂದಣಿಗೆ ಅದು ವಾಹನ, ವಯಸ್ಸಾದಾಗ ಮಾತ್ರ ಅದು ವಾಹನವಲ್ಲ. ಇದೆಂಥ ಲೆಕ್ಕ? ನೆಲ ನಾನು ಬದಲಿಸಿದ್ದೇನೆ, ಮುಚ್ಚಿಡುವುದಿಲ್ಲ. ಚೌಕಟ್ಟು, ಶೀಟು, ಚಾಸಿ ಹಳೆಯವೇ. ಯಾರಾದರೂ ಬಂದು ತಟ್ಟಿ ನೋಡಲಿ. ನಿಯಮದಲ್ಲಿ ಟ್ರೇಲರನ್ನೂ ಸೇರಿಸಿ, ಅರ್ಜಿಯಲ್ಲಿ ಎಂಜಿನ್ ನಂಬರ್ ಬೇಡದ ಒಂದು ಖಾನೆ ಮಾಡಿದರೆ ಸಾಕು, ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಇದನ್ನೂ ಹಳೆ ಗಾಡಿಗಳ ಮೆರವಣಿಗೆಗೆ ಎಳೆದುಕೊಂಡು ಹೊರಡುತ್ತೇನೆ. ಬೇರಿಂಗ್‌ಗೆ ಗ್ರೀಸ್ ತುಂಬಿಟ್ಟಾಗಿದೆ.

– ನಿವೃತ್ತ ಬಡಗಿ, ಭೋಸರಿ, ಪುಣೆ