ಆ ಮೀನನ್ನು ನೀರಿನಲ್ಲೇ ಬಿಡಿ

ಸಂಪಾದಕರೇ,

ಡಿಸೆಂಬರ್ ರಜೆ ಹತ್ತಿರ ಬಂತು. ದ್ವಾರಕೆ, ಸೋಮನಾಥ ಅಂತ ಗುಜರಾತ್ ಕಡೆ ಹೊರಡುವ ಮುಂಬಯಿ ಕನ್ನಡಿಗರಲ್ಲಿ ಕೆಲವರು ಜಾಮ್‌ನಗರದ ಹತ್ತಿರದ ನರಾರಾಕ್ಕೂ ಒಂದು ದಿನ ಇಟ್ಟುಕೊಳ್ಳುತ್ತಾರೆ. ಖಂಡಿತ ಹೋಗಿ, ನೋಡಲೇಬೇಕಾದ ಜಾಗ. ಆದರೆ ಹೋದ ವರ್ಷ ಅಲ್ಲಿ ಕಂಡ ಒಂದು ವಿಷಯ ಇನ್ನೂ ಕಣ್ಣ ಮುಂದಿನಿಂದ ಹೋಗಿಲ್ಲ. ಅದಕ್ಕೇ ಈ ಪತ್ರ.

ನರಾರಾ ಕಛ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನದ ಭಾಗ. 1982ರಲ್ಲಿ ಘೋಷಣೆಯಾದ ಇದು ದೇಶದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನ. ಇಲ್ಲಿ ಹವಳ ನೋಡಲು ದೋಣಿ ಬೇಡ, ಈಜು ಬರಬೇಕಾಗಿಲ್ಲ. ಇಳಿತದ ಹೊತ್ತಿಗೆ ನೀರು ಎಷ್ಟೋ ದೂರ ಹಿಂದೆ ಸರಿಯುತ್ತದೆ, ಸಮುದ್ರದ ತಳದಲ್ಲೇ ನಡೆದುಕೊಂಡು ಹೋಗಬಹುದು. ನಾನು ಉಡುಪಿ ಕಡೆಯವಳು, ಇಳಿತ ನೋಡಿಕೊಂಡು ಅಜ್ಜಿಯ ಜೊತೆ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಾ ಬೆಳೆದವಳು, ಆದರೂ ಇಂಥದ್ದನ್ನು ಕಂಡಿರಲಿಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ಹೂವಿನ ಹಾಗೆ ಅರಳಿಕೊಂಡ ಅನಿಮೋನ್ ಎಂಬ ಕಡಲಜೀವಿ, ಕಲ್ಲಿನ ಬಣ್ಣಕ್ಕೇ ತಿರುಗಿ ಕೂತ ಆಕ್ಟೋಪಸ್, ದೂರದಲ್ಲಿ ಏಡಿ ಹಿಡಿಯುತ್ತಾ ಓಡಾಡುವ ಕಪ್ಪು-ಬಿಳಿ ಕ್ರ್ಯಾಬ್ ಪ್ಲವರ್ ಹಕ್ಕಿಗಳು.

ನಮ್ಮ ಗುಂಪಿನಲ್ಲಿ ಹನ್ನೆರಡು ಮಂದಿ ಇದ್ದೆವು. ಒಬ್ಬರು ನೀರಿಗೆ ಇಳಿಯುವ ಮೊದಲೇ ಗೈಡಿಗೆ ಮೊಬೈಲ್ ತೋರಿಸಿದರು. ಯಾರೋ ಅಂಗೈಯಲ್ಲಿ ಉಬ್ಬಿದ ಪಫರ್ ಮೀನು ಇಟ್ಟುಕೊಂಡ ಫೋಟೋ. 'ನಮಗೂ ಇದೇ ಬೇಕು' ಅಂದರು. ಗೈಡ್ ಮೊದಲು ಬೇಡ ಅಂದ. ಮತ್ತೆ ಮತ್ತೆ ಒತ್ತಾಯ ಮಾಡಿದಾಗ ಒಂದು ಹೊಂಡದಿಂದ ಮೀನು ಎತ್ತಿಕೊಟ್ಟ. ನೋಡನೋಡುತ್ತ ಅದರ ಬಿಳಿ ಹೊಟ್ಟೆ ಚೆಂಡಿನ ಹಾಗೆ ಬಿಗಿಯಿತು. ಪುಟ್ಟ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಎಲ್ಲರೂ ನಗುತ್ತಾ ಕೈಯಿಂದ ಕೈಗೆ ದಾಟಿಸಿದರು, ನಾನೂ ಹಿಡಿದುಕೊಂಡೆ. ಆಗ ತಂಗಿಯ ಮಗ, ಒಂಬತ್ತು ವರ್ಷದವನು, 'ದೊಡ್ಡಮ್ಮಾ, ಅದಕ್ಕೆ ಉಸಿರು ಕಟ್ಟಲ್ವಾ?' ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ನೀರಿಗೆ ಬಿಟ್ಟರೆ ಅದು ಮುಳುಗಲೇ ಇಲ್ಲ, ಹೊಟ್ಟೆ ಮೇಲಾಗಿ ತೇಲುತ್ತಾ ಸುಮ್ನೆ ಬಾಲ ಬಡಿಯುತ್ತಿತ್ತು. ಉಳಿದವರು ಮುಂದೆ ಹೋದರು. ಹುಡುಗ ಅಲ್ಲೇ ನಿಂತಿದ್ದ.

ಮನೆಗೆ ಬಂದು ಓದಿ ತಿಳಿದುಕೊಂಡೆ. ಈ ಮೀನು ಉಬ್ಬುವುದು ಹೆದರಿದಾಗ. ಶತ್ರು ನುಂಗದಿರಲಿ ಅಂತ ನೀರು ಕುಡಿದು ಉಬ್ಬುತ್ತದೆ. ಹೊರಗೆ ಎತ್ತಿದರೆ ನೀರಿನ ಬದಲು ಗಾಳಿ ನುಂಗುತ್ತದೆ, ಆಮೇಲೆ ಆ ಗಾಳಿಯನ್ನು ಹೊರಹಾಕಲು ಒದ್ದಾಡುತ್ತದೆ. ನಾವು ಫೋಟೋ ತೆಗೆಯುತ್ತಿದ್ದದ್ದು ಜೀವಭಯದಲ್ಲಿದ್ದ ಪ್ರಾಣಿಯನ್ನು.

ಗೈಡನ್ನು ದೂರಲು ನನಗೆ ಮನಸ್ಸಿಲ್ಲ. ಅದು ಅವನ ದುಡಿಮೆ, ಕೇಳಿದ್ದು ನಾವು. ಹೋಗುವವರು ಶುರುವಿನಲ್ಲೇ 'ಉಠಾನಾ ಮತ್, ವಹೀಂ ದಿಖಾವೋ' (ಎತ್ತಬೇಡಿ, ಅಲ್ಲೇ ತೋರಿಸಿ) ಅಂದುಬಿಡಿ. ಮುಂಬಯಿಯವರಿಗೆ ಅಷ್ಟು ಹಿಂದಿ ಬರುತ್ತದಲ್ವಾ? ಕೂತು ಬಗ್ಗಿ ನೋಡಿದರೆ ನೀರಿನೊಳಗೇ ಜಾಸ್ತಿ ಚೆನ್ನಾಗಿ ಕಾಣುತ್ತದೆ.

ಕಾಲಿನ ಬಗ್ಗೆಯೂ ಎಚ್ಚರ ಬೇಕು. ಕಲ್ಲಿನ ಹಾಗೆ ಕಾಣುವ ಹವಳಕ್ಕೆ ಜೀವ ಇದೆ, ಗುಂಡು ಹವಳಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವಂಥವು. ಒಂದು ತುಳಿತಕ್ಕೆ ಎಷ್ಟು ವರ್ಷದ ಬೆಳವಣಿಗೆ ಹೋಯಿತು, ಲೆಕ್ಕ ಹಾಕಿ. ಮರಳಿನ ಮೇಲೆ ಮಾತ್ರ ಹೆಜ್ಜೆ ಇಡಿ, ಒದ್ದೆಯಾದರೂ ಚಿಂತೆಯಿಲ್ಲದ ಬೂಟು ಹಾಕಿಕೊಳ್ಳಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಹವಳವೂ ಇದೆ, ಹಾಗಾಗಿ ಸತ್ತ ತುಂಡು ತಾನೇ ಅಂತ ಚೀಲಕ್ಕೆ ಹಾಕಿಕೊಳ್ಳಬೇಡಿ. ಸೌರಾಷ್ಟ್ರ ಮೇಲ್ ರೈಲು ಮುಂಬಯಿಯಿಂದ ನೇರ ಜಾಮ್‌ನಗರಕ್ಕೆ ಹೋಗುತ್ತದೆ, ಆದರೆ ಟಿಕೆಟ್ ತೆಗೆಯುವ ಮೊದಲು ಇಳಿತದ ಸಮಯ ನೋಡಿಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಸರಿಯುತ್ತದೆ.

ಅಷ್ಟು ದೂರ ಹೋಗಲು ಆಗದವರಿಗೆ ನಮ್ಮ ಮುಂಬಯಿಯಲ್ಲೇ ಸಮುದ್ರ ಇದೆ. 2020ರಲ್ಲಿ ಕೋಸ್ಟಲ್ ರೋಡ್ ಕೆಲಸಕ್ಕಾಗಿ ಹಾಜಿ ಅಲಿ, ವರ್ಲಿಯ ಬಂಡೆಗಳಿಂದ ಹವಳಗಳನ್ನು ಬೇರೆ ಕಡೆಗೆ ಸಾಗಿಸಿದರು. ಇಲ್ಲೂ ಹವಳ ಇತ್ತು ಅಂತ ನನಗೆ ಗೊತ್ತಾದದ್ದೇ ಆ ಸುದ್ದಿ ಓದಿದ ಮೇಲೆ.

ಇನ್ನು ನಿಮ್ಮಲ್ಲಿ ಒಂದು ವಿನಂತಿ. ಪ್ರವಾಸದ ಪುಟಕ್ಕೆ ಓದುಗರು ಫೋಟೋ ಕಳಿಸುತ್ತಾರೆ. ಮೀನು, ಆಕ್ಟೋಪಸ್, ಏಡಿಯನ್ನು ಕೈಯಲ್ಲಿ ಎತ್ತಿ ಹಿಡಿದ ಫೋಟೋ ಬಂದರೆ ದಯವಿಟ್ಟು ಹಾಕಬೇಡಿ. ನಮ್ಮ ಗುಂಪಿನವರು ಮೊಬೈಲಿನಲ್ಲಿ ತೋರಿಸಿದ್ದೂ ಅಂಥದ್ದೇ ಒಂದು ಫೋಟೋ.

ಇತಿ,
ಡೊಂಬಿವಲಿಯ ಒಬ್ಬ ಓದುಗಳು